ಒಂದೊಂದಕ್ಕೂ ಒಂದೊಂದು ಬಾಗಿಲು

ನಾನು ಮದುವೆಯಾಗಿ ಬಂದ ಮನೆಗೆ ಒಂದೇ ಬಾಗಿಲು. ವಿಟ್ಲ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ತಲೆಯಲ್ಲಿ ಇರುವ ಹಳೆಯ ಮನೆ. ಹಿಂಬದಿಯಲ್ಲಿ ಹಟ್ಟಿಗೆ ಹೋಗಲು ಒಂದು ಕಿಂಡಿಯಂಥದ್ದು ಇತ್ತಾದರೂ ಅದನ್ನು ಬಾಗಿಲು ಎನ್ನುವಂತಿಲ್ಲ. ತಲೆ ತಗ್ಗಿಸದೆ ಹೊರಬಿದ್ದವರ ಹಣೆಯ ಮೇಲೆಲ್ಲ ಅದರ ಗುರುತು ಉಳಿದಿದೆ. ಉಳಿದಂತೆ ಬರುವವರು, ಹೋಗುವವರು, ಅಡಿಕೆಯ ಗೋಣಿ, ಬೀಗರು, ಕಂದಾಯದವರು, ಒಮ್ಮೊಮ್ಮೆ ಹಗ್ಗ ಬಿಚ್ಚಿಕೊಂಡ ಕರು ಎಲ್ಲವೂ ಚಾವಡಿಯ ಮೂಲಕವೇ. ಅಡುಗೆಮನೆಯಲ್ಲಿ ಅತ್ತೆ ಮತ್ತು ನಾನು ಗುಟ್ಟಿನಲ್ಲಿ ಆಡಿದ ಮಾತು ಚಾವಡಿಯಲ್ಲಿ ಕೂತ ಅಡಿಕೆ ವ್ಯಾಪಾರಿಗೆ ಕೇಳಿಸುವುದು, ಅವನು ಹೇಳಿದ ರೇಟು ನಮಗೆ ಕೇಳಿಸುವುದು, ಇದೆಲ್ಲ ಆ ಮನೆಯ ವ್ಯವಸ್ಥೆಯೇ ಆಗಿತ್ತು. ಒಳ್ಳೆಯದಕ್ಕೋ ಕೆಟ್ಟದಕ್ಕೋ, ಗುಟ್ಟು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ನನ್ನ ಲ್ಯಾಪ್‌ಟಾಪು ಕೂಡ ಅಂಥದೇ ಒಂದು ಮನೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಬಗೆ ಮಾತ್ರ ಯಾರಿಗೂ ಬೇಡ.

ಲ್ಯಾಪ್‌ಟಾಪು ಬಂದದ್ದು 2020ರ ಕೊರೊನಾ ಕಾಲದಲ್ಲಿ. ಅಲ್ಲಿಯವರೆಗೆ ಸೀಮೆಸುಣ್ಣ ಮತ್ತು ನನ್ನ ಗಂಟಲು ಇವೆರಡೇ ನನ್ನ ಪಾಠೋಪಕರಣಗಳು. ಮಕ್ಕಳು ಮನೆಯಲ್ಲಿ, ನಾನು ಮನೆಯಲ್ಲಿ, ನಡುವೆ ಬಿಎಸ್‌ಎನ್‌ಎಲ್ಲಿನ ಒಂದು ತಂತಿ ಎಂದಾದ ಮೇಲೆ ಬೇರೆ ದಾರಿಯಿರಲಿಲ್ಲ. ಕಷ್ಟಪಟ್ಟು ಕಲಿತೆ. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇತ್ತಲ್ಲ, ಅದರಿಂದ ಕನ್ನಡ ಟೈಪು ಮಾಡುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಆಮೇಲೆ ನೋಡಿ, ಒಂದೊಂದಾಗಿ ನನಗೆ ಇಷ್ಟದ ತಾಣಗಳು ಸಿಕ್ಕಿದವು. ಮೊದಲನೆಯದು ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಕಟ್ಟಿದ್ದು. 2019ರಲ್ಲಿ ಅಂತರಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು ಅದರಲ್ಲಿವೆ. ಎರಡನೆಯದು ‘ವಚನ ಸಂಚಯ’. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿದೆ ಎಂದು ಹುಡುಕಿಕೊಡುತ್ತದೆ. ಮೂರನೆಯದು ಕನ್ನಡ ವಿಕಿಪೀಡಿಯ. ನಾಲ್ಕನೆಯದು 2016ರಲ್ಲಿ ಬಂದ ತುಳು ವಿಕಿಪೀಡಿಯ. ಇವು ನನ್ನವು. ಇವುಗಳ ಜೊತೆಗೆ ಇಲಾಖೆಯ ತಾಣ, ಬ್ಯಾಂಕಿನದು, ಮನೆಯವರಿಗೆ ಅಡಿಕೆ ಧಾರಣೆಯದು, ರಾತ್ರಿ ಅವರು ನೋಡುವ ಯಕ್ಷಗಾನದ್ದು.

ಇಷ್ಟನ್ನೂ ನಾನು ಒಂದೇ ಬ್ರೌಸರಿನಲ್ಲಿ ತೆರೆದಿಡುತ್ತಿದ್ದೆ. ಮುಚ್ಚಿದರೆ ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ. ಮೇಲಿನ ಪಟ್ಟಿಯಲ್ಲಿ ಟ್ಯಾಬುಗಳು ಇಪ್ಪತ್ತು, ಇಪ್ಪತ್ತೈದು ಆದವು. ಮೊದಲು ಹೆಸರು ಕಾಣುತ್ತಿದ್ದದ್ದು ಆಮೇಲೆ ಒಂದಕ್ಷರ, ಕೊನೆಗೆ ಒಂದು ಚುಕ್ಕಿ ಮಾತ್ರ. ನಿಘಂಟು ಎಂದು ಒತ್ತಿದರೆ ಚೆಂಡೆಯ ಪೆಟ್ಟು ಕೇಳುವುದು. ಇಲಾಖೆಯ ಸುತ್ತೋಲೆ ಎಂದು ಒತ್ತಿದರೆ ಕೋಕಾ ಅಡಿಕೆಯ ಧಾರಣೆ ಕಾಣುವುದು. ನನ್ನ ತಂಗಿಯ ಮಗ ಒಮ್ಮೆ ಅದನ್ನು ನೋಡಿ, “ದೊಡ್ಡಮ್ಮಾ, ಇದು ಸಂತೆಯಾ?” ಎಂದು ಕೇಳಿದ್ದ. ನಾನು ನಕ್ಕು ಸುಮ್ಮನಾಗಿದ್ದೆ.

ಇನ್ನು ಆ ದಿನದ ಸಂಗತಿ.

ಅದಕ್ಕೂ ಎರಡು ವಾರ ಮೊದಲು, ಒಂದು ಭಾನುವಾರ ಸ್ನಾನ ಮಾಡುವಾಗ, ಎಡಗಡೆ ಎದೆಯಲ್ಲಿ ಕೈಗೆ ಏನೋ ತಾಗಿತು. ಅಡಿಕೆಯ ಗಾತ್ರದ್ದು. ನೋವಿಲ್ಲ. ಯಾರಿಗೂ ಹೇಳಲಿಲ್ಲ. ಮನೆಯವರಿಗೆ ಆಗ ಅಡಿಕೆ ಮರಗಳಿಗೆ ಕೊಳೆರೋಗದ ಮದ್ದು ಬಿಡಿಸುವ ತಲೆಬಿಸಿ. ಮಳೆ ಎರಡು ದಿನ ಬಿಟ್ಟರೆ ಸಾಕು ಎಂದು ಆಕಾಶ ನೋಡುತ್ತಿದ್ದರು. ಮಗಳಿಗೆ ಪರೀಕ್ಷೆ. ಹೇಳದಿರಲು ಕಾರಣಗಳು ಬೇಕಾದರೆ ಯಾವಾಗಲೂ ಸಿಗುತ್ತವೆ. ನಿಜವಾದ ಕಾರಣ ಹೆದರಿಕೆ. ಮನುಷ್ಯರಿಗೆ ಹೇಳದೆ ನಾನು ಯಂತ್ರಕ್ಕೆ ಹೇಳಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪು ತೆರೆದು, ಆ ಮೇಲಿನ ಉದ್ದ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಕೇಳಿದೆ. ಗಡ್ಡೆಗೆ ನೋವಿಲ್ಲದಿದ್ದರೆ ಏನು, ಐವತ್ತು ದಾಟಿದವರಿಗೆ ಬಂದರೆ ಏನು, ಹೀಗೆ ಐದಾರು ಬಗೆಯಲ್ಲಿ. ಪ್ರತಿ ರಾತ್ರಿಯೂ ಕೇಳಿದೆ. ಓದಿದಷ್ಟೂ ಹೆದರಿಕೆ ಹೆಚ್ಚಿತೇ ಹೊರತು ಡಾಕ್ಟರರ ಬಳಿಗೆ ಹೋಗುವ ಧೈರ್ಯ ಬರಲಿಲ್ಲ.

ನಮ್ಮ ಶಾಲೆಯ ಸ್ಮಾರ್ಟ್‌ಕ್ಲಾಸಿನ ಕಂಪ್ಯೂಟರು ಆಗ ಕೆಟ್ಟಿತ್ತು. ಪ್ರೊಜೆಕ್ಟರು ಸರಿಯಿತ್ತು. ಹಾಗಾಗಿ ನನ್ನ ಲ್ಯಾಪ್‌ಟಾಪನ್ನೇ ಒಯ್ದು ಅದಕ್ಕೆ ಸಿಕ್ಕಿಸುತ್ತಿದ್ದೆ. ಒಂಬತ್ತನೆಯ ತರಗತಿ, ಕನ್ನಡ ಪಾಠ. ಒಬ್ಬ ಹುಡುಗ ಎದ್ದು ‘ಗದ್ದುಗೆ’ ಎಂದರೆ ಏನು ಟೀಚರ್ ಎಂದು ಕೇಳಿದ. ನಾನೇ ಹೇಳಬಹುದಿತ್ತು. ಆದರೆ ಮಕ್ಕಳಿಗೆ ನಿಘಂಟು ನೋಡುವ ಅಭ್ಯಾಸ ಆಗಲಿ ಎಂಬ ನನ್ನ ಹಟ. “ಬನ್ನಿ, ಒಟ್ಟಿಗೆ ನೋಡುವ” ಎಂದು ಆ ಉದ್ದ ಪೆಟ್ಟಿಗೆಯಲ್ಲಿ ‘ಗ’ ಎಂದು ಒತ್ತಿದೆ.

ಒಂದಕ್ಷರ ಸಾಕಾಯಿತು. ಯಂತ್ರ ತನ್ನ ಉಪಕಾರಬುದ್ಧಿಯಿಂದ, ನಾನು ಹಿಂದೆ ಕೇಳಿದ್ದನ್ನೆಲ್ಲ ಕೆಳಗೆ ಸಾಲಾಗಿ ಇಳಿಸಿತು. ಗಡ್ಡೆ, ಎದೆ, ಕ್ಯಾನ್ಸರು. ಗೋಡೆಯ ಮೇಲೆ, ಒಂದೊಂದು ಅಕ್ಷರ ಅಂಗೈ ಅಗಲ. ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು.

ನಾನು ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದ್ದು ನೆನಪಿದೆ. ಹುಡುಗರಲ್ಲಿ ಕೆಲವರಿಗೆ ಅರ್ಥವಾಗಲಿಲ್ಲ, ಕೆಲವರು ಪುಸ್ತಕದೊಳಗೆ ತಲೆ ಹಾಕಿದರು. ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. “ಗದ್ದುಗೆ ಎಂದರೆ ಸಿಂಹಾಸನ, ಪೀಠ” ಎಂದು ಹೇಳಿ ಪಾಠ ಮುಂದುವರಿಸಿದೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಅಷ್ಟು ಮೌನವಾಗಿ ಯಾವ ತರಗತಿಯೂ ನನ್ನ ಪಾಠ ಕೇಳಿರಲಿಲ್ಲ.

ಆ ಶನಿವಾರ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಅವನಿಗೆ ಸಾಫ್ಟ್‌ವೇರಿನ ಕೆಲಸ. ನಡೆದದ್ದರ ಅರ್ಧ ಹೇಳಿದೆ: ತರಗತಿಯಲ್ಲಿ ಏನೇನೋ ಕಂಡು ಮುಜುಗರವಾಯಿತು ಮಾರಾಯ, ನನಗೆ ನಿಘಂಟು ಮಾತ್ರ ಕಾಣಬೇಕು, ಬೇರೆ ಏನೂ ಕಾಣಬಾರದು ಎಂದು. ಏನು ಕಂಡಿತು ಎಂದು ಅವನು ಕೇಳಲಿಲ್ಲ. ಈಗಿನ ಮಕ್ಕಳಲ್ಲಿ ಅದೊಂದು ಒಳ್ಳೆಯ ಗುಣ.

“ನಿಘಂಟನ್ನೇ ಒಂದು ಆ್ಯಪ್ ಮಾಡಿಕೊಡುತ್ತೇನೆ, ದೊಡ್ಡಮ್ಮ” ಎಂದ.

ಆ್ಯಪ್ ಎಂದರೆ ಕಂಪೆನಿಯವರು ಮಾಡುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಯಾವುದೇ ತಾಣವನ್ನು ಸಂತೆಯಿಂದ ಎತ್ತಿ, ಅದಕ್ಕೆ ಅದರದೇ ಕಿಟಕಿ, ಅದರದೇ ಚಿತ್ರ, ಅದರದೇ ಬಾಗಿಲು ಕೊಡಬಹುದಂತೆ. ಪರದೆಯ ಮೇಲೆ ಒಂದು ಪುಟ್ಟ ಚಿತ್ರ ಕೂತಿರುತ್ತದೆ. ಅದನ್ನು ಎರಡು ಸಲ ಒತ್ತಿದರೆ ಆ ತಾಣ ಮಾತ್ರ ತೆರೆಯುತ್ತದೆ. ಟ್ಯಾಬುಗಳಿಲ್ಲ. ಮುಖ್ಯವಾಗಿ, ಮೇಲೆ ಆ ಉದ್ದ ಪೆಟ್ಟಿಗೆಯಿಲ್ಲ. ನನಗೆ ಬೇಕಾದದ್ದು ಅಷ್ಟೇ ತಾನೆ.

ಅವನು ಮಾಡುತ್ತ ಮಾಡುತ್ತ ಇದರ ಚರಿತ್ರೆಯನ್ನೂ ಹೇಳಿದ. ಸಮಾಜ ಪಾಠ ಮಾಡುವ ಟೀಚರರಂತೆ ಇಸವಿ ಸಹಿತ ಹೇಳುವ ಹುಡುಗ ಅವನು. ಈ ಆಸೆ ಹೊಸದಲ್ಲವಂತೆ. 2007ರಲ್ಲೇ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ‘ಪ್ರಿಸಂ’ ಎಂಬುದನ್ನು ಇದಕ್ಕಾಗಿ ಮಾಡಿದ್ದರು. ಅದೇ ವರ್ಷ ಆ್ಯಪಲ್ಲಿನ ಮ್ಯಾಕ್ ಕಂಪ್ಯೂಟರಿಗೆ ‘ಫ್ಲೂಯಿಡ್’ ಎಂಬುದು ಬಂತು. ಪ್ರಿಸಂ 2011ರಲ್ಲಿ ನಿಂತುಹೋಯಿತು. 2013ರಲ್ಲಿ ಗಿಟ್‌ಹಬ್‌ನವರು ತಮ್ಮ ಒಂದು ಬರಹಪಟ್ಟಿಗಾಗಿ ಮಾಡಿಕೊಂಡ ಸಲಕರಣೆ ‘ಎಲೆಕ್ಟ್ರಾನ್’ ಎಂದು ಹೆಸರಾಯಿತು. ಅದನ್ನು ಬಳಸಿಕೊಂಡು ‘ನೇಟಿವಿಫೈಯರ್’ ಎಂಬುದು ಬಂತು. ಅದಕ್ಕೆ ತಾಣದ ವಿಳಾಸ ಕೊಟ್ಟರೆ ಸಾಕು, ಇಡೀ ಆ್ಯಪನ್ನೇ ಕಟ್ಟಿಕೊಡುತ್ತಿತ್ತು. 2023ರಲ್ಲಿ ಅದರ ಕೆಲಸವನ್ನೂ ಮಾಡಿದವರು ನಿಲ್ಲಿಸಿದರು.

“ಒಳ್ಳೆಯದಿದ್ದರೆ ಯಾಕೆ ನಿಲ್ಲಿಸಿದ್ದು?” ಎಂದು ಕೇಳಿದೆ.

“ಹಳೆಯದು ನನ್ನಲ್ಲಿದೆ, ತೋರಿಸುತ್ತೇನೆ” ಎಂದು ನಿಘಂಟನ್ನು ಮೊದಲು ಅದರಲ್ಲೇ ಕಟ್ಟಿದ. ಆಮೇಲೆ ವಚನ ಸಂಚಯ, ಆಮೇಲೆ ವಿಕಿಪೀಡಿಯ. ಮೂರನ್ನೂ ಒಟ್ಟಿಗೆ ತೆರೆದ. ನನ್ನ ಬಡ ಲ್ಯಾಪ್‌ಟಾಪು ಎಂಥ ಸದ್ದು ಮಾಡಿತೆಂದರೆ, ಆಚೆ ಕೋಣೆಯಿಂದ ಮನೆಯವರು ಮಿಕ್ಸಿ ಯಾಕೆ ಇಷ್ಟು ಹೊತ್ತು ತಿರುಗಿಸುತ್ತೀರಿ ಎಂದು ಕೇಳಿದರು. ಸಂಗತಿ ಏನೆಂದರೆ, ಹಾಗೆ ಕಟ್ಟಿದ ಒಂದೊಂದು ಆ್ಯಪಿನ ಹೊಟ್ಟೆಯಲ್ಲೂ ಒಂದೊಂದು ಇಡೀ ಬ್ರೌಸರು ಕೂತಿರುತ್ತದಂತೆ. ನಾಲ್ಕು ದೋಸೆ ಹೊಯ್ಯಲು ನಾಲ್ಕು ಒಲೆ ಹೂಡಿದ ಹಾಗೆ. ಒಂದೊಂದೂ ನೂರು ಎಂಬಿಗಿಂತ ಹೆಚ್ಚು ಜಾಗ ತಿನ್ನುತ್ತದೆ. ಅದಲ್ಲದೆ, ಬ್ರೌಸರಿಗೆ ಆಗಾಗ ರಿಪೇರಿ ಬರುತ್ತದಲ್ಲ, ಕಳ್ಳರು ನುಗ್ಗುವ ತೂತುಗಳನ್ನು ಮುಚ್ಚುವುದು, ಅದು ಈ ಹೊಟ್ಟೆಯೊಳಗಿನ ಬ್ರೌಸರಿಗೆ ತಾನಾಗಿ ತಲುಪುವುದಿಲ್ಲ. ಕಟ್ಟಿದ ದಿನ ಹೇಗಿತ್ತೋ ಹಾಗೆಯೇ ಹಳಸುತ್ತದೆ.

ಹಾಗಾಗಿ ಅವನ್ನೆಲ್ಲ ತೆಗೆದುಹಾಕಿ ಸುಲಭದ ದಾರಿ ಹಿಡಿದ. ಈಗ ಬ್ರೌಸರುಗಳೇ ಈ ಕೆಲಸ ಮಾಡಿಕೊಡುತ್ತವೆ. ಕ್ರೋಮಿನಲ್ಲಾದರೆ ಬಲಗಡೆ ಮೇಲೆ ಮೂರು ಚುಕ್ಕಿ ಇದೆಯಲ್ಲ, ಅದನ್ನು ಒತ್ತಿ, ‘ಕಾಸ್ಟ್, ಸೇವ್ ಆ್ಯಂಡ್ ಶೇರ್’ ಎಂಬಲ್ಲಿಗೆ ಹೋಗಿ, ‘ಇನ್‌ಸ್ಟಾಲ್ ಪೇಜ್ ಆ್ಯಸ್ ಆ್ಯಪ್’ ಎಂದರೆ ಆಯಿತು. ಎಡ್ಜ್‌ನಲ್ಲಿಯೂ ‘ಆ್ಯಪ್ಸ್’ ಎಂಬ ಹೆಸರಿನಡಿ ಇದೇ ಇದೆ. ಮ್ಯಾಕ್‌ನವರಿಗೆ 2023ರಿಂದ ಸಫಾರಿಯಲ್ಲೇ ಬಂದಿದೆ. ಎಲ್ಲರಿಗಿಂತ ಮೊದಲು ಹೊರಟ ಫೈರ್‌ಫಾಕ್ಸ್‌ನವರು ನಡುವೆ ಕೈಬಿಟ್ಟು, 2025ರಲ್ಲಿ ವಿಂಡೋಸಿನವರಿಗಾಗಿ ಮತ್ತೆ ಶುರುಮಾಡಿದ್ದಾರೆ. ಇದರಲ್ಲಿ ಒಲೆ ಒಂದೇ, ಕಾವಲಿ ಮಾತ್ರ ಬೇರೆ ಬೇರೆ. ಲ್ಯಾಪ್‌ಟಾಪು ಉಸಿರೆತ್ತಲಿಲ್ಲ.

ಹತ್ತು ನಿಮಿಷದಲ್ಲಿ ನನ್ನ ಪರದೆಯ ಮೇಲೆ ನಾಲ್ಕು ಚಿತ್ರಗಳು ಸಾಲಾಗಿ ಕೂತವು. ನಿಘಂಟನ್ನು ಒತ್ತಿದೆ. ಬಿಳಿಯ ಹಾಳೆಯಂತೆ ಅದೊಂದೇ ತೆರೆಯಿತು. ಹೇಳಿದರೆ ನಗುತ್ತೀರಿ, ನನಗೆ ಅಪ್ಪನ ನೆನಪಾಯಿತು.

ಅಪ್ಪನೂ ಮಾಸ್ತರರೇ. ಅವರಲ್ಲಿ ಕಿಟ್ಟೆಲ್ ನಿಘಂಟು ಇತ್ತು. ಮೊದಲ ಮುದ್ರಣವಲ್ಲ, ಆಮೇಲಿನದು. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ಕಟ್ಟಿದ ಆ ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಲ್ಲಿ. ಅದಕ್ಕೂ ಮೊದಲು 1886ರಲ್ಲಿ ಅಲ್ಲಿಂದಲೇ ಮ್ಯಾನರ್ ಪಾದ್ರಿಯ ತುಳು ನಿಘಂಟು ಬಂದಿತ್ತು. ಅಪ್ಪನ ಕಿಟ್ಟೆಲ್‌ಗೆ ಗೋದ್ರೆಜಿನ ಮೇಲೆ ಒಂದು ಜಾಗ, ಅದಕ್ಕೊಂದು ಬಟ್ಟೆ. ಬೇಕಾದಾಗ ಎರಡು ಕೈಯಲ್ಲಿ ಎತ್ತಿ ಇಳಿಸಬೇಕು, ಮೇಜಿನ ಮೇಲಿನ ಉಳಿದದ್ದನ್ನೆಲ್ಲ ಬದಿಗೆ ಸರಿಸಬೇಕು. ಒಂದು ಪದ ನೋಡಲು ಇಳಿಸಿದವರು ಅರ್ಧ ಗಂಟೆ ಅದರಲ್ಲೇ ಇರುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಅಪ್ಪನ ಹತ್ತಿರ ಅಡಿಕೆಯ ಧಾರಣೆಯಾಗಲಿ, ಯಾರ ಸುದ್ದಿಯಾಗಲಿ ಸುಳಿಯುತ್ತಿರಲಿಲ್ಲ. ಬ್ರೌಸರಿನಲ್ಲಿ ನಾನು ಕಳೆದುಕೊಂಡದ್ದು ಇದನ್ನೇ. ಅಲ್ಲಿ ನಿಘಂಟಿಗೆ ಜಾಗ ಎಂಬುದಿರಲಿಲ್ಲ, ಅದು ಸಂತೆಯಲ್ಲಿ ನಿಂತ ಒಬ್ಬ ಗಿರಾಕಿ. ಈಗ ಅದಕ್ಕೆ ಒಂದು ಕಪಾಟು ಸಿಕ್ಕಿತು ಎನಿಸಿತು.

ಮರುವಾರದಿಂದ ತರಗತಿಯಲ್ಲಿ ಆ ಚಿತ್ರವನ್ನೇ ಒತ್ತಿದೆ. ಮಕ್ಕಳಿಗೂ ಇಷ್ಟವಾಯಿತು. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕಡಿಮೆ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಹವ್ಯಕ ಕನ್ನಡ, ಮರಾಠಿ ಎಲ್ಲ ಸೇರಿದ ತರಗತಿ. ಪುಸ್ತಕದ ಕನ್ನಡ ಎಲ್ಲರಿಗೂ ಅಷ್ಟಷ್ಟು ದೂರವೇ. ‘ಟೀಚರ್, ಆ ಪುಸ್ತಕ ತೆರೆಯಿರಿ’ ಎಂದು ಅವರೇ ಕೇಳಲು ಶುರುಮಾಡಿದರು. ಪುಸ್ತಕ ಎಂದೇ ಹೇಳುತ್ತಿದ್ದರು. ನಾನು ತಿದ್ದಲಿಲ್ಲ.

ಹೀಗೆ ಒಂದು ವಾರ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಗಾಳಿಮಳೆ. ಪೇಟೆಯಲ್ಲಿ ಎಲ್ಲೋ ಮರ ಬಿದ್ದು ತಂತಿ ಹೋಯಿತು. ಕರೆಂಟು ಇಲ್ಲದಿದ್ದರೂ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು. ನಾಲ್ಕು ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಿಘಂಟನ್ನು ಒತ್ತಿದೆ. ಕಿಟಕಿ ತೆರೆಯಿತು, ಒಳಗೆ ಏನೂ ಇಲ್ಲ. ಇಂಟರ್‌ನೆಟ್ ಇಲ್ಲ ಎಂಬ ಒಂದು ಸಾಲು ಮಾತ್ರ.

ಅವನಿಗೆ ಫೋನು ಮಾಡಿ ಜಗಳವಾಡಿದೆ. “ನೀನು ನಿಘಂಟನ್ನು ನನ್ನ ಮನೆಗೆ ತಂದುಕೊಟ್ಟೆ ಎಂದು ತಿಳಿದಿದ್ದೆ.”

“ಇಲ್ಲ ದೊಡ್ಡಮ್ಮ, ಅದರ ಮನೆಗೆ ಹೋಗುವ ಬಾಗಿಲನ್ನು ತಂದುಕೊಟ್ಟದ್ದು” ಎಂದ.

ತಾಣದವರೇ ಸ್ವಲ್ಪ ಭಾಗವನ್ನು ನಮ್ಮ ಯಂತ್ರದಲ್ಲಿ ಇಳಿಸಿಡುವ ಏರ್ಪಾಡು ಮಾಡಿದ್ದರೆ ಮಾತ್ರ ನೆಟ್ಟಿಲ್ಲದಾಗ ಅದು ಕೆಲಸ ಮಾಡುತ್ತದಂತೆ. ಹಾಗೆ ಮಾಡಿದವಕ್ಕೆ 2015ರಲ್ಲಿ ಒಂದು ದೊಡ್ಡ ಹೆಸರನ್ನೂ ಇಟ್ಟಿದ್ದಾರೆ, ‘ಪ್ರೋಗ್ರೆಸಿವ್ ವೆಬ್ ಆ್ಯಪ್’ ಎಂದು. ಉಳಿದವು ಬರೀ ಬಾಗಿಲು. ಮಳೆಗಾಲಕ್ಕೆ ಬೇಕಾದದ್ದು ಬಾಗಿಲಲ್ಲ, ಅಟ್ಟದಲ್ಲಿಟ್ಟ ಕುಚ್ಚಿಲಕ್ಕಿ. ಅದಕ್ಕೆ ಬೇರೆಯೇ ದಾರಿ: ‘ಕಿವಿಕ್ಸ್’ ಎಂಬ ತಂತ್ರಾಂಶ ಹಾಕಿಕೊಂಡು ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ಅಲರ್‌ನ ಪೂರ್ತಿ ಪದರಾಶಿಯನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅವರು ಮುಕ್ತವಾಗಿ ಬಿಟ್ಟಿದ್ದಾರೆ. ನಾಲ್ಕು ದಶಕದ ದುಡಿಮೆಯನ್ನು ಹೀಗೆ ಅಂಗಳದಲ್ಲಿ ಹರವಿ ಬೇಕಾದವರು ಒಯ್ಯಿರಿ ಎನ್ನಲು ದೊಡ್ಡ ಮನಸ್ಸು ಬೇಕು.

ಫೋನಿಡುವ ಮೊದಲು ಅವನು ಇನ್ನೊಂದು ಮಾತು ಹೇಳಿದ. “ದೊಡ್ಡಮ್ಮ, ಇನ್ನೊಂದು ಗೊತ್ತಿರಲಿ. ಕಿಟಕಿ ಬೇರೆ ಎಂದು ಕಂಡರೂ ಕ್ರೋಮಿನಲ್ಲಿ ಒಳಗೆ ಎಲ್ಲ ಒಂದೇ. ನೀವು ಹಿಂದೆ ನೋಡಿದ್ದೆಲ್ಲ ಬ್ರೌಸರಿನಲ್ಲಿ ಹಾಗೆಯೇ ಇದೆ. ನಡುವೆ ಇರುವುದು ಗೋಡೆಯಲ್ಲ, ಪರದೆ. ಗೋಡೆಯೇ ಬೇಕಾದರೆ ಶಾಲೆಗೆಂದು ಬೇರೆ ಪ್ರೊಫೈಲು ಮಾಡಬೇಕು, ಈ ಆ್ಯಪುಗಳನ್ನು ಅದರಲ್ಲಿ ಹಾಕಬೇಕು.”

ಅವನು ಹೇಳಿದಂತೆ ನಾನೇ ಮಾಡಿದೆ. ‘ಶಾಲೆ’ ಎಂದು ಒಂದು ಪ್ರೊಫೈಲು, ‘ಮನೆ’ ಎಂದು ಇನ್ನೊಂದು. ಆಮೇಲೆ ಹಳೆಯ ಹುಡುಕಾಟಗಳನ್ನೆಲ್ಲ ಅಳಿಸಲು ಕುಳಿತೆ. ಪಟ್ಟಿಯಲ್ಲಿ ಒಂದೊಂದರ ಎದುರೂ ತಾರೀಕು, ಗಂಟೆ ಬರೆದಿತ್ತು. ರಾತ್ರಿ ಹನ್ನೊಂದೂವರೆ, ಒಂದು ಗಂಟೆ, ಎರಡೂ ಹತ್ತು. ನನ್ನ ಹೆದರಿಕೆಯ ಹಾಜರಿಪುಸ್ತಕ. ಒಂದು ದಿನವೂ ಗೈರುಹಾಜರಿ ಇಲ್ಲ. ಅದನ್ನು ನೋಡಿದ ಮೇಲೂ ಡಾಕ್ಟರರ ಹತ್ತಿರ ಹೋಗಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಳಿಸಿದೆ. ಬಾಗಿಲು ಹಾಕಿದ್ದಾಯಿತು, ಇನ್ನು ಯಾರಿಗೂ ಕಾಣದು ಎಂಬ ಸಮಾಧಾನವೂ ಆಯಿತು.

ಮರುದಿನ ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬಳು ಹುಡುಗಿ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತನೆಯದರ ಹುಡುಗಿ, ಮಾತು ಕಡಿಮೆ. ಬೇರೆ ಟೀಚರುಗಳು ಹೋಗುವವರೆಗೆ ಕಾದಳು.

“ಟೀಚರ್, ನಿಮಗೆ ಹುಷಾರಾಯಿತಾ?”

“ನನಗೆಂತ ಆಗಿದೆ?” ಎಂದೆ. ನನ್ನ ಸ್ವರ ನನಗೇ ಬಿರುಸಾಗಿ ಕೇಳಿಸಿತು.

ಅವಳು ಚೀಲದ ಪಟ್ಟಿಯನ್ನು ಹಿಡಿದು ತಿರುವುತ್ತ ಹೇಳಿದಳು: “ಆ ದಿನ ಗೋಡೆಯಲ್ಲಿ ಕಂಡಿತಲ್ಲ. ನಮ್ಮ ಅಮ್ಮನಿಗೂ ಉಂಟು, ಟೀಚರ್. ಮೂರು ತಿಂಗಳಾಯಿತು. ಯಾರಿಗೂ ಹೇಳಬೇಡ ಅಂದಿದ್ದಾರೆ. ನೀವು ಯಾವ ಡಾಕ್ಟ್ರಿಗೆ ತೋರಿಸಿದ್ದು?”

ನಾನು ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೇನೆ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಡಾಕ್ಟರಿಗೂ ತೋರಿಸಿಲ್ಲ ಎಂದು ಹದಿನಾಲ್ಕು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಅವಳ ಅಮ್ಮ ಬೀಡಿ ಕಟ್ಟುವವರು. ಓದು ಐದನೆಯ ತರಗತಿ. ನಾನು ಬಿ.ಎ., ಬಿ.ಎಡ್. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ. ಯಾರಿಗೂ ಕಾಣದಂತೆ ಬಾಗಿಲು ಹಾಕಿಕೊಂಡದ್ದು.

“ನಾಡಿದ್ದು ಹೋಗುವುದು” ಎಂದೆ. “ನಿನ್ನ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ನಾಳೆ ನಿಮ್ಮ ಮನೆಗೆ ಬರುತ್ತೇನೆಂದು ಹೇಳು.”

ಆ ರಾತ್ರಿ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಮದ್ದು ಬಿಡುವುದು ನಾಳೆಯಲ್ಲದಿದ್ದರೆ ನಾಡಿದ್ದು. ಇದನ್ನು ಯಾಕೆ ಇಷ್ಟು ದಿನ ಇಟ್ಟುಕೊಂಡದ್ದು?” ಎಂದರು. ಬೈದದ್ದಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ.

ಇಬ್ಬರೂ ಹೋದೆವು. ಮೊದಲು ವಿಟ್ಲದ ಸರಕಾರಿ ಆಸ್ಪತ್ರೆ, ಅಲ್ಲಿಂದ ಚೀಟಿ ಹಿಡಿದು ಮಂಗಳೂರು. ಬಸ್ಸಿನಲ್ಲಿ ಆಕೆ ಕಿಟಕಿಯ ಬದಿ, ನಾನು ಈಚೆ. ಕಲ್ಲಡ್ಕ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆಕೆ ತುಳುವಿನಲ್ಲಿ ಕೇಳಿದರು, ಟೀಚರಿಗೂ ಹೆದರಿಕೆ ಆಗುತ್ತದಾ ಎಂದು. ಆಗುತ್ತದೆ ಎಂದೆ. ಅಷ್ಟು ಹೇಳಿದ ಮೇಲೆ ಇಬ್ಬರಿಗೂ ಮಾತು ಬಂತು. ಡಾಕ್ಟರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಓದುವ ಯಾರಿಗಾದರೂ ಬೇಕಾದೀತು: ಎದೆಯಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಕೈಯಿಂದ ಮುಟ್ಟಿ ನಾವೇ ತೀರ್ಮಾನಿಸುವಂತಿಲ್ಲ. ನೋವಿಲ್ಲ ಎಂದು ಬಿಡುವಂತೆಯೂ ಇಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು. ಬೇಗ ತಿಳಿದಷ್ಟೂ ಒಳ್ಳೆಯದು.

ನನ್ನದು ನೀರು ತುಂಬಿದ ಗುಳ್ಳೆ. ಸೂಜಿಯಿಂದ ತೆಗೆದರು, ಮುಗಿಯಿತು. ಆಕೆಯದು ಹಾಗಲ್ಲ. ಆಪರೇಷನ್ ಆಯಿತು, ಆಮೇಲಿನ ಚಿಕಿತ್ಸೆಯೂ ನಡೆಯಿತು. ಬಿಪಿಎಲ್ ಕಾರ್ಡಿದ್ದುದರಿಂದ ಆಯುಷ್ಮಾನ್ ಯೋಜನೆಯಲ್ಲಿ ಖರ್ಚಿನ ಹೊರೆ ಬೀಳಲಿಲ್ಲ. ತಲೆಗೂದಲು ಹೋಯಿತು. ಸೆರಗು ಹೊದ್ದು ಕೂತು ಬೀಡಿ ಕಟ್ಟಲು ಪುನಃ ಶುರುಮಾಡಿದ್ದಾರೆ. ಇನ್ನೂ ಎರಡು ತಿಂಗಳು ತಡವಾಗಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ನಾನು ಆಕೆಗೆ ಹೇಳಿಲ್ಲ.

ಈಗಲೂ ನನ್ನ ಪರದೆಯ ಮೇಲೆ ನಾಲ್ಕು ಚಿತ್ರಗಳು ಸಾಲಾಗಿಯೇ ಇವೆ. ಒಂದೊಂದಕ್ಕೂ ಒಂದೊಂದು ಬಾಗಿಲು ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಪಾಠವೂ ಆಗದು, ಮಾನವೂ ಉಳಿಯದು. ನೀವೂ ಮಾಡಿಕೊಳ್ಳಿ, ಕಷ್ಟವೇನಿಲ್ಲ. ಆದರೆ ಆ ದಿನ ಚಾವಡಿಯಲ್ಲಿ ಎಲ್ಲರ ಎದುರು ನನ್ನ ಗುಟ್ಟು ಬೀಳದೆ ಇದ್ದಿದ್ದರೆ ಎಂದು ಯೋಚಿಸಿದಾಗ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ. ನಾಲ್ಕು ದಿನ ಮೊದಲು ಅವನು ಬಂದು ಬಾಗಿಲುಗಳನ್ನು ಮಾಡಿಕೊಟ್ಟಿದ್ದರೆ, ನಾನು ಮಾನವಂತಳಾಗಿ ಪಾಠ ಮುಗಿಸಿ ಮನೆಗೆ ಬರುತ್ತಿದ್ದೆ. ಆ ಹುಡುಗಿ ಯಾರನ್ನು ಕೇಳುತ್ತಿದ್ದಳು?

ಮೊನ್ನೆ ಅವಳು ಶಾಲೆಗೆ ಬರುವಾಗ ಒಂದು ಪ್ಲಾಸ್ಟಿಕ್ ಚೀಲವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಿದ್ದಳು. ಮಣ್ಣು ಮೆತ್ತಿದ ದೊಡ್ಡ ಸುವರ್ಣಗಡ್ಡೆ.

“ಅಮ್ಮ ಕೊಟ್ಟದ್ದು, ಟೀಚರ್. ನಮ್ಮ ಹಿತ್ತಿಲಿನದ್ದೇ.”

ಅಲರ್‌ನಲ್ಲಿ ‘ಗಡ್ಡೆ’ ಎಂದು ಹಾಕಿ ನೋಡಿದ್ದಳಂತೆ. ಮಣ್ಣಿನಡಿ ಬೆಳೆಯುವುದಕ್ಕೂ ಅದೇ ಹೆಸರು, ಮೈಯಲ್ಲಿ ಬೆಳೆಯುವುದಕ್ಕೂ ಅದೇ ಹೆಸರು ಯಾಕೆ ಟೀಚರ್ ಎಂದು ಕೇಳಿದಳು. ಎರಡೂ ಯಾರಿಗೂ ಕಾಣದ ಹಾಗೆ ಬೆಳೆಯುತ್ತವೆ, ಅದಕ್ಕೇ ಇರಬೇಕು ಎಂದೆ. ಅದು ಯಾವ ನಿಘಂಟಿನಲ್ಲಿಯೂ ಇಲ್ಲದ ವಿವರಣೆ. ಅವಳು ಮಾತ್ರ ಒಪ್ಪಿಕೊಂಡು ತರಗತಿಗೆ ಓಡಿದಳು.

ಸಂಜೆ ಗಡ್ಡೆಯನ್ನು ಮನೆಗೆ ತಂದು, ಕೈಗೆ ಎಣ್ಣೆ ಹಚ್ಚಿಕೊಂಡು ಕೊಚ್ಚಲು ಕುಳಿತೆ. ಆದರೂ ಸ್ವಲ್ಪ ತುರಿಸಿತು. ಅಷ್ಟು ತುರಿಕೆ ಇರಲಿ.